ಪ್ರಯೋಗಕ್ಕೊಂದು ವಿಳಾಸ: ಅಂತರಜಾಲ ನಿಘಂಟಿನಲ್ಲಿ ಹಳೆಯ ಪುಸ್ತಕಗಳನ್ನು ಉಲ್ಲೇಖಿಸುತ್ತಾ ಕಲಿತ ಪಾಠಗಳು

ಹಳಗನ್ನಡದ ಪದಕ್ಕೆ ಅರ್ಥ ಬರೆಯಲು ಒಂದು ಸಾಲು ಸಾಕು. ಆ ಅರ್ಥ ಸರಿಯೆಂದು ಓದುಗನಿಗೆ ಮನದಟ್ಟಾಗಬೇಕಾದರೆ ಪ್ರಯೋಗ ಬೇಕು: ಯಾವ ಕವಿ, ಯಾವ ಕೃತಿಯಲ್ಲಿ, ಯಾವ ಸಂದರ್ಭದಲ್ಲಿ ಆ ಪದವನ್ನು ಬಳಸಿದ್ದಾನೆ ಎಂಬ ಸಾಕ್ಷಿ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚು ಮಾಡಿದ ಕಿಟ್ಟೆಲ್ ಕೋಶ ಇವತ್ತಿಗೂ ನಿಂತಿರುವುದು ಅರ್ಥದ ಪಕ್ಕದಲ್ಲೇ ಆಕರವನ್ನೂ ಹೇಳುವ ಶಿಸ್ತಿನಿಂದ. 1970ರಿಂದ 1995ರವರೆಗೆ 8 ಸಂಪುಟಗಳಲ್ಲಿ ಹೊರಬಂದ ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು ಶಾಸನ, ಕಾವ್ಯ, ಗದ್ಯಗಳ ಪ್ರಯೋಗಗಳನ್ನೇ ಅಡಿಪಾಯ ಮಾಡಿಕೊಂಡಿತು.

ಅಂತರಜಾಲದ ನಿಘಂಟಿಗೆ ಪುಟದ ಅಭಾವವಿಲ್ಲ. ಆದರೆ ಅಲ್ಲಿ ಹಾಕಿದ ಉಲ್ಲೇಖವನ್ನು ಯಂತ್ರ ಹುಡುಕುತ್ತದೆ, ಫೋನಿನ ಚಿಕ್ಕ ಪರದೆ ಮುರಿಯುತ್ತದೆ, ಇನ್ನೊಬ್ಬರು ಎತ್ತಿ ಬೇರೆಡೆ ಅಂಟಿಸುತ್ತಾರೆ. ಹಾಗೆ ಕೈಯಿಂದ ಕೈಗೆ ಹೋದರೂ ಅದು ತನ್ನ ಮೂಲಪುಸ್ತಕದ ದಾರಿಯನ್ನು ಮರೆಯಬಾರದು. ಈ ಒಂದು ಗುರಿಗಾಗಿ ರೂಢಿಸಿಕೊಂಡ ಪದ್ಧತಿಗಳನ್ನು ಹೊಸದಾಗಿ ಕೈಜೋಡಿಸುವವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

1. ಪದ ಇದ್ದರೆ ಸಾಲದು, ಅರ್ಥ ಕಾಣಬೇಕು

ಚಂಪೂಕಾವ್ಯಗಳ ವನವರ್ಣನೆಯಲ್ಲಿ ಮರಗಿಡಗಳ ಉದ್ದುದ್ದ ಪಟ್ಟಿಗಳು ಬರುತ್ತವೆ. ಅಂಥ ಪಟ್ಟಿಯಿಂದ ಒಂದು ಮರದ ಹೆಸರನ್ನು ಎತ್ತಿಕೊಟ್ಟರೆ ಆ ಕಾಲದಲ್ಲಿ ಆ ಪದವಿತ್ತು ಎಂದಷ್ಟೇ ಸಿದ್ಧವಾಗುತ್ತದೆ. ಅದು ಯಾವ ಮರ ಎಂಬುದು ತಿಳಿಯುವುದಿಲ್ಲ. ಅದರ ಹೂವಿನ ಬಣ್ಣವನ್ನೋ ಹಣ್ಣಿನ ರುಚಿಯನ್ನೋ ಹೇಳುವ ಇನ್ನೊಂದು ಪದ್ಯ ಸಿಕ್ಕುವವರೆಗೆ ಹುಡುಕಬೇಕು. ಒಂದು ಅರ್ಥಕ್ಕೆ ಸಿಕ್ಕ ಪ್ರಯೋಗಗಳಲ್ಲಿ ತೀರ ಹಳೆಯದು ಒಂದು, ಅರ್ಥ ಸ್ಪಷ್ಟವಾಗಿ ಕಾಣುವುದು ಒಂದು, ಈಚಿನದು ಒಂದು, ಇಷ್ಟು ಆರಿಸಿಕೊಂಡರೆ ಪದದ ಬಾಳು ಓದುಗನ ಕಣ್ಣೆದುರು ಬರುತ್ತದೆ. ಜಾಗವಿದೆಯೆಂದು ಹತ್ತಾರು ತುಂಬಿದರೆ ಮುಖ್ಯವಾದದ್ದೇ ಮರೆಯಾಗುತ್ತದೆ.

2. ಕೃತಿಗೊಂದು ಕಾಲ, ಪುಸ್ತಕಕ್ಕೊಂದು ಕಾಲ

ಪಂಪಭಾರತವೆಂದೂ ಕರೆಯುವ ಪಂಪನ ವಿಕ್ರಮಾರ್ಜುನವಿಜಯ ರಚಿತವಾದದ್ದು ಸುಮಾರು 941ರಲ್ಲಿ. ಬಿ. ಎಲ್. ರೈಸ್ ಅದನ್ನು ಅಚ್ಚಿಗೆ ತಂದದ್ದು 1898ರಲ್ಲಿ, ಸಾಹಿತ್ಯ ಪರಿಷತ್ತಿನ ಆವೃತ್ತಿ ಬಂದದ್ದು 1931ರಲ್ಲಿ. ಉಲ್ಲೇಖದ ಮೊದಲಿಗೆ ಬರಬೇಕಾದದ್ದು 941. ಎದುರಿಗಿದ್ದ ಪುಸ್ತಕದ ವರ್ಷ ಆಕರದ ವಿವರದಲ್ಲಿ ಬರಬೇಕು. ಮುದ್ರಣದ ವರ್ಷವನ್ನೇ ಮುಂದಿಟ್ಟರೆ ಹತ್ತನೆಯ ಶತಮಾನದ ಪದ ಇಪ್ಪತ್ತನೆಯದಾಗಿಬಿಡುತ್ತದೆ. ಮುದ್ರಣದ ವರ್ಷವನ್ನು ಬಿಟ್ಟೇಬಿಟ್ಟರೆ ಯಾವ ಸಂಪಾದಕರ ಪಾಠವನ್ನು ನೋಡಿ ಬರೆದದ್ದೆಂದು ಯಾರಿಗೂ ತಿಳಿಯುವುದಿಲ್ಲ.

ಕಾಲ ಖಚಿತವಿಲ್ಲದ ಕಡೆ ‘ಸು.’ ಸೇರಿಸಬೇಕು. ಕವಿರಾಜಮಾರ್ಗಕ್ಕೆ ಸು. 850, ಶಬ್ದಮಣಿದರ್ಪಣಕ್ಕೆ ಸು. 1260 ಎಂದು ಬರೆಯುವುದು ರೂಢಿ. ಶಾಸನಗಳಲ್ಲಿ ಶಕವರ್ಷ ಇದ್ದರೆ ಅದಕ್ಕೆ 78 ಕೂಡಿಸಿ ಕ್ರಿಸ್ತಶಕ ಪಡೆಯುತ್ತೇವೆ. ಆದರೆ ಜನವರಿಯಿಂದ ಯುಗಾದಿಯವರೆಗಿನ ತಿಥಿಗಳಿಗೆ 79 ಕೂಡಿಸಬೇಕಾಗುತ್ತದೆ. ಆದ್ದರಿಂದ ಶಕವರ್ಷವನ್ನೂ ಜೊತೆಗೆ ಉಳಿಸಿಕೊಳ್ಳುವುದು ಒಳ್ಳೆಯದು.

ಹಾಡಾಗಿ ಉಳಿದುಬಂದ ಕೃತಿಗಳಲ್ಲಿ ಎಚ್ಚರ ಇನ್ನೂ ಹೆಚ್ಚಿರಬೇಕು. ಪುರಂದರದಾಸರು ಹದಿನಾರನೆಯ ಶತಮಾನದವರು. ದಾಸರ ಪದಗಳನ್ನು ಬಾಸೆಲ್ ಮಿಷನ್ನಿನ ಮೋಗ್ಲಿಂಗ್ ಸಂಗ್ರಹಿಸಿ ಮಂಗಳೂರಿನಲ್ಲಿ ಅಚ್ಚು ಮಾಡಿಸಿದ್ದು ಹತ್ತೊಂಬತ್ತನೆಯ ಶತಮಾನದ ನಡುವೆ. ಈ ಅಂತರದಲ್ಲಿ ಬಾಯಿಂದ ಬಾಯಿಗೆ ಬರುವಾಗ ಪದರೂಪಗಳು ಬದಲಾಗುವುದು ಸಹಜ. ಅಲ್ಲಿನ ಒಂದು ರೂಪವನ್ನು ಹದಿನಾರನೆಯ ಶತಮಾನದ್ದೆಂದು ಹೇಳುವಾಗ ಸಂಗ್ರಹದ ಕಾಲವನ್ನೂ ಹೇಳಿದರೆ ಮಾತ್ರ ಓದುಗನಿಗೆ ನ್ಯಾಯ ಸಲ್ಲುತ್ತದೆ.

3. ಪುಟಸಂಖ್ಯೆಗಿಂತ ಪದ್ಯಸಂಖ್ಯೆ ಬಾಳಿಕೆಯದು

ಪುಟಸಂಖ್ಯೆ ಆ ಮುದ್ರಣಕ್ಕೆ ಮಾತ್ರ ಸೇರಿದ್ದು; ಮರುಮುದ್ರಣವಾದರೆ ಅದು ಕೈಕೊಡುತ್ತದೆ. ಕೃತಿಯ ಒಳಗಿನ ವಿಂಗಡಣೆ ಬಹುಮಟ್ಟಿಗೆ ಸ್ಥಿರ. ಪಂಪಭಾರತದಲ್ಲಿ 14 ಆಶ್ವಾಸಗಳಿವೆ. ಆಶ್ವಾಸ ಮತ್ತು ಪದ್ಯದ ಸಂಖ್ಯೆ ಕೊಡಬೇಕು, ಪದ್ಯಗಳ ನಡುವಿನ ಗದ್ಯವಾದರೆ ಹಿಂದಿನ ಪದ್ಯದ ಸಂಖ್ಯೆಗೆ ‘ವ’ ಸೇರಿಸಬೇಕು. ಕುಮಾರವ್ಯಾಸನಿಗೆ ಪರ್ವ, ಸಂಧಿ, ಪದ್ಯ. ಜನ್ನನ ಯಶೋಧರಚರಿತೆಗೆ ಅವತಾರ ಮತ್ತು ಪದ್ಯ. ವಡ್ಡಾರಾಧನೆ 19 ಕಥೆಗಳ ಗದ್ಯಕೃತಿಯಾದ್ದರಿಂದ ಕಥೆಯ ಹೆಸರು, ಆವೃತ್ತಿ, ಪುಟ ಮೂರೂ ಬೇಕು.

ವಚನಗಳ ಸಂಖ್ಯೆ ಸಂಕಲನದಿಂದ ಸಂಕಲನಕ್ಕೆ ಬದಲಾಗುತ್ತದೆ. ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರದ ಸಂಖ್ಯೆಗೂ ರಾಜ್ಯ ಸರ್ಕಾರ 15 ಸಂಪುಟಗಳಲ್ಲಿ ಹೊರತಂದ ಸಮಗ್ರ ವಚನ ಸಂಪುಟದ ಸಂಖ್ಯೆಗೂ ಹೊಂದಿಕೆಯಿಲ್ಲ. ಬರೀ ‘ಬಸವಣ್ಣ, ವಚನ ಇಷ್ಟು’ ಎಂದರೆ ಓದುಗ ದಿಕ್ಕುತಪ್ಪುತ್ತಾನೆ. ವಚನಕಾರರ ಹೆಸರು, ವಚನದ ಮೊದಲ ಪದಗಳು, ಸಂಪುಟ, ಸಂಖ್ಯೆ ಎಲ್ಲವನ್ನೂ ಕೊಡುವುದು ನನ್ನ ರೂಢಿ.

ಶಾಸನಗಳದ್ದೂ ಇದೇ ಕಥೆ. ರೈಸ್ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಒಂದೊಂದು ತಾಲೂಕಿನ ಶಾಸನಗಳಿಗೂ ಪ್ರತ್ಯೇಕ ಸಂಖ್ಯೆಗಳಿವೆ. ಮೈಸೂರು ವಿಶ್ವವಿದ್ಯಾನಿಲಯ 1972ರಿಂದ ಹೊರತರುತ್ತ ಬಂದ ಪರಿಷ್ಕೃತ ಸಂಪುಟಗಳಲ್ಲಿ ಕ್ರಮ ಬದಲಾಗಿದೆ. ಹಳೆಯದೋ ಪರಿಷ್ಕೃತವೋ ಎಂಬ ಒಂದು ಮಾತು ಬಿಟ್ಟುಹೋದರೆ ಓದುಗ ಬೇರೊಂದು ಊರಿನ ಕಲ್ಲಿನ ಮುಂದೆ ಹೋಗಿ ನಿಲ್ಲುತ್ತಾನೆ.

4. ಕಾಗುಣಿತ ಉಳಿಸಿ, ಅಚ್ಚಿನ ಆಕಾರ ಬಿಡಿ

ಱ ಮತ್ತು ೞ ಇಲ್ಲದೆ ಹಳಗನ್ನಡವಿಲ್ಲ. ಓದಲು ಸುಲಭವಾಗಲೆಂದು ಅವುಗಳ ಜಾಗದಲ್ಲಿ ರ, ಳ ಬರೆದರೆ ಪದದ ಚರಿತ್ರೆಯನ್ನೇ ಅಳಿಸಿದಂತೆ. ೞ ಯಾವ ಕೃತಿಯವರೆಗೆ ಸರಿಯಾಗಿ ಉಳಿದಿತ್ತು, ಎಲ್ಲಿಂದ ಳಕಾರದ ಜೊತೆ ಬೆರೆಯಿತು ಎಂಬುದನ್ನು ತಿಳಿಯಲು ಪ್ರಯೋಗಗಳೇ ಆಧಾರ. ಎರಡೂ ಅಕ್ಷರಗಳು ಯೂನಿಕೋಡ್‌ನಲ್ಲಿವೆ. ೞ ಅಕ್ಷರಕ್ಕೆ ಆ ಪಟ್ಟಿಯಲ್ಲಿ ‘ಫ’ ಎಂಬ ತಪ್ಪು ಹೆಸರು ಅಂಟಿಕೊಂಡಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದಾಗಿ ಅದು ಹಾಗೇ ಉಳಿದಿದೆ. ಹೆಸರು ನೋಡಿ ಇದು ನಮ್ಮ ಅಕ್ಷರವಲ್ಲವೆಂದು ಬಿಡಬೇಡಿ.

ಹಾಗೆಯೇ ಶಾಸನಗಳಲ್ಲೂ ಹಳೆಯ ಅಚ್ಚಿನಲ್ಲೂ ‘ಧರ್ಮ್ಮ’, ‘ಸರ್ವ್ವ’ ಎಂದು ರೇಫದ ನಂತರದ ವ್ಯಂಜನ ಇಮ್ಮಡಿಯಾಗಿರುತ್ತದೆ. ಅದು ಅಂದಿನ ಕಾಗುಣಿತ, ಹಾಗೇ ಇರಲಿ.

ಅಚ್ಚುಮೊಳೆಯ ಆಕಾರದ ಮಾತು ಬೇರೆ. ‘ಸೂರ್ಯ’ ಎಂದು ಅರ್ಕಾವೊತ್ತಿನಲ್ಲಿ ಬರೆದರೂ ‘ಸೂರ‍್ಯ’ ಎಂದು ಬರೆದರೂ ಅಕ್ಷರಗಳು ಅವೇ. ಒಂದು ರೂಪವನ್ನು ಆರಿಸಿಕೊಂಡು ನಿಘಂಟಿನುದ್ದಕ್ಕೂ ಬಳಸಬಹುದು. ಸ್ವರವಿಲ್ಲದ ನಕಾರಕ್ಕೆ ಹಳೆಯ ಪುಸ್ತಕಗಳಲ್ಲಿ ಕಾಣುವ ನಕಾರಪೊಲ್ಲು 2021ರಲ್ಲಿ ಯೂನಿಕೋಡ್‌ಗೆ ಸೇರಿತು. ಎಲ್ಲ ಸಾಧನಗಳಲ್ಲೂ ಅದು ಮೂಡುವುದಿಲ್ಲವಾದ್ದರಿಂದ ಅಲ್ಲಿ ‘ನ್’ ಬರೆದರೆ ಪದಕ್ಕೆ ಊನವಿಲ್ಲ. ಯಾವುದು ಕಾಗುಣಿತ, ಯಾವುದು ಬರಿಯ ಆಕಾರ ಎಂಬ ವಿವೇಕ ಬಂದರೆ ಅರ್ಧ ಕೆಲಸ ಮುಗಿದಂತೆ.

5. ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ

ಅನುಸ್ವಾರದ ಸೊನ್ನೆ ‘ಂ’. ಅಂಕಿಯ ಸೊನ್ನೆ ‘೦’. ಪರದೆಯ ಮೇಲೆ ಎರಡೂ ಹೆಚ್ಚುಕಡಿಮೆ ಒಂದೇ. ಪದದೊಳಗೆ ಅಂಕಿಯ ಸೊನ್ನೆ ಸೇರಿಕೊಂಡರೆ ಓದುಗನಿಗೆ ಗೊತ್ತಾಗುವುದಿಲ್ಲ, ಆದರೆ ಹುಡುಕಾಟದಲ್ಲಿ ಆ ಪದ ಎಂದಿಗೂ ಸಿಗುವುದಿಲ್ಲ. ಹಳಗನ್ನಡದಲ್ಲಿ ಪದಾಂತ್ಯದ ಸೊನ್ನೆ ಹೆಜ್ಜೆಹೆಜ್ಜೆಗೂ ಬರುವುದರಿಂದ ಈ ತೊಂದರೆ ದೊಡ್ಡದು.

‘ಕೋ’ ಎಂಬ ಅಕ್ಷರವನ್ನು ಕಂಪ್ಯೂಟರ್ ಒಂದೇ ಸ್ವರಚಿಹ್ನೆಯಾಗಿಯೂ ಇಟ್ಟುಕೊಳ್ಳಬಹುದು, ಎರಡು ಮೂರು ತುಂಡುಗಳನ್ನು ಜೋಡಿಸಿಯೂ ಇಟ್ಟುಕೊಳ್ಳಬಹುದು. ಅಕ್ಷರಗಳನ್ನು ಬಿಡಿಸಲು ಇಲ್ಲವೇ ಕೂಡಿಸಲು ಬಳಸುವ, ಕಣ್ಣಿಗೆ ಕಾಣದ ಚಿಹ್ನೆಗಳೂ ಪದದ ನಡುವೆ ಅಡಗಿರುತ್ತವೆ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಕಡತಗಳನ್ನು ಯೂನಿಕೋಡ್‌ಗೆ ತಿರುಗಿಸಿದಾಗ ಅರ್ಕಾವೊತ್ತು ಜಾಗ ತಪ್ಪಬಹುದು. ಹಳೆಯ ಫಾಂಟುಗಳಲ್ಲಿ ಅದು ವ್ಯಂಜನದ ನಂತರ ಕೂರುತ್ತಿತ್ತು, ಯೂನಿಕೋಡ್‌ನಲ್ಲಿ ರ್ ಮೊದಲೇ ಬರಬೇಕು. ಆದ್ದರಿಂದ ಪಠ್ಯವನ್ನು ಸೇರಿಸುವ ಮೊದಲು ಯೂನಿಕೋಡ್‌ನ ಏಕರೂಪಕ್ಕೆ ತರುವ ಉಪಕರಣದಲ್ಲಿ ಒಮ್ಮೆ ಹಾಯಿಸಿ, ಆಮೇಲೆ ಅರ್ಕಾವೊತ್ತು, ಸೊನ್ನೆಗಳನ್ನು ಕಣ್ಣಲ್ಲಿ ನೋಡಿ.

ಹುಡುಕುವವನ ಅನುಕೂಲಕ್ಕಾಗಿ ಉಲ್ಲೇಖವನ್ನು ತಿದ್ದುವ ಅಗತ್ಯ ಎಂದೂ ಇಲ್ಲ. ರ ಎಂದು ಹುಡುಕಿದರೆ ಱ ಕೂಡ, ಳ ಎಂದರೆ ೞ ಕೂಡ ಸಿಗುವಂತೆ ಹುಡುಕಾಟದ ವ್ಯವಸ್ಥೆಯನ್ನೇ ಸಜ್ಜುಗೊಳಿಸಬಹುದು.

6. ಯಂತ್ರ ಓದಿದ್ದನ್ನು ಮನುಷ್ಯ ಓದಬೇಕು

ಸ್ಕ್ಯಾನ್ ಆದ ಪುಟವನ್ನು ಓಸಿಆರ್ ತಂತ್ರಾಂಶ ಕ್ಷಣದಲ್ಲಿ ಪಠ್ಯವಾಗಿಸುತ್ತದೆ. ಅದು ಎಡವುವ ಜಾಗಗಳು ಗೊತ್ತಿರುವಂಥವೇ: ಮ ಮತ್ತು ವು, ಥ ಮತ್ತು ಧ, ಪ ಮತ್ತು ವ, ಘ ಮತ್ತು ಫ. ಱ, ೞ ಎರಡೂ ಇವತ್ತಿನ ಬರಹದಲ್ಲಿ ಅಪರೂಪವಾದ್ದರಿಂದ ಅವುಗಳ ಬದಲು ಬೇರೆ ಅಕ್ಷರ ಕೂತಿರುವ ಸಂಭವ ಹೆಚ್ಚು. ಹೊಸಗನ್ನಡದಲ್ಲಾದರೆ ವಾಕ್ಯದ ಓಟದಿಂದ ತಪ್ಪು ಹೊಳೆಯುತ್ತದೆ. ಹಳಗನ್ನಡದಲ್ಲಿ ತಪ್ಪು ರೂಪವೂ ಒಂದು ಅಪರಿಚಿತ ಪದದಂತೆಯೇ ಕಾಣುತ್ತದೆ, ಹಾಗಾಗಿ ಇಲ್ಲದ ಪದವೊಂದು ನಿಘಂಟಿನಲ್ಲಿ ಹುಟ್ಟಿಕೊಳ್ಳುವ ಅಪಾಯವಿದೆ. ಪುಟದ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು, ಪದ್ಯವಾದರೆ ಮಾತ್ರೆ ಎಣಿಸುತ್ತ ಓದಬೇಕು. ಭಾಮಿನಿ ಷಟ್ಪದಿಯ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ 14 ಮಾತ್ರೆಗಳು. ಮೂರು ಮತ್ತು ಆರನೆಯ ಸಾಲುಗಳಲ್ಲಿ 23. ಲೆಕ್ಕ ತಪ್ಪಿದರೆ ಒಂದು ಅಕ್ಷರ ಹೋಗಿದೆ ಅಥವಾ ಒಂದು ದೀರ್ಘ ಹ್ರಸ್ವವಾಗಿದೆ ಎಂದು ಛಂದಸ್ಸೇ ತಿಳಿಸುತ್ತದೆ. ಕರಡು ತಿದ್ದುವವರಿಗೆ ಇದಕ್ಕಿಂತ ನಂಬಿಕಸ್ತ ಸಹಾಯ ಇನ್ನೊಂದಿಲ್ಲ.

7. ಸಾಲು ಮುರಿಯುವುದರಲ್ಲೂ ಅರ್ಥವಿದೆ

ಪದ್ಯವನ್ನು ಗದ್ಯದಂತೆ ಹರಿಯಬಿಟ್ಟರೆ ಎರಡು ನಷ್ಟ. ಒಂದು, ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಕೂತ ಆದಿಪ್ರಾಸ ಕಾಣದಾಗುತ್ತದೆ. ಇನ್ನೊಂದು ಹೆಚ್ಚು ಗಂಭೀರ: ಕಂದದಲ್ಲಿ, ಷಟ್ಪದಿಯಲ್ಲಿ, ವೃತ್ತಗಳಲ್ಲಿ ಒಂದು ಸಾಲಿನ ಕೊನೆಯಲ್ಲಿ ಆರಂಭವಾದ ಪದ ಮುಂದಿನ ಸಾಲಿಗೆ ದಾಟುವುದುಂಟು. ಆ ಜಾಗದಲ್ಲಿ ಸಾಲುಗಳನ್ನು ಕೂಡಿಸುವಾಗ ನಡುವೆ ಒಂದು ಖಾಲಿ ಜಾಗ ಬಿದ್ದರೂ ಪದ ಎರಡು ತುಂಡಾಗುತ್ತದೆ. ಪದ ದಾಟುವ ಕಡೆ ಆಧಾರ ಆವೃತ್ತಿಯಲ್ಲಿ ಅಡ್ಡಗೆರೆ ಇದ್ದರೆ ಅದನ್ನು ಉಳಿಸಿಕೊಳ್ಳಿ.

ಉಲ್ಲೇಖವನ್ನು ಬ್ಲಾಕ್‌ಕೋಟ್‌ನಲ್ಲಿ ಪ್ರತ್ಯೇಕವಾಗಿಡಿ, ಸಾಲಿನ ಕೊನೆಗೆ ಸಾಲುಮುರಿಯುವ ಗುರುತನ್ನೇ ಹಾಕಿ. ಸ್ಪೇಸ್ ಕೀಲಿ ಒತ್ತುತ್ತ ಸಾಲನ್ನು ಮಧ್ಯಕ್ಕೆ ತಳ್ಳುವ ಅಭ್ಯಾಸ ಬೇಡ, ಬೇರೆ ಪರದೆಯಲ್ಲಿ ಅದೆಲ್ಲ ಚದುರಿಹೋಗುತ್ತದೆ. ಮತ್ತೇಭವಿಕ್ರೀಡಿತದ ಸಾಲಿಗೆ 20 ಅಕ್ಷರ, ಚಂಪಕಮಾಲೆಗೆ 21, ಮಹಾಸ್ರಗ್ಧರೆಗೆ 22. ಫೋನಿನಲ್ಲಿ ಇಷ್ಟು ಉದ್ದದ ಸಾಲು ತಾನಾಗಿಯೇ ಮಡಚಿಕೊಳ್ಳುತ್ತದೆ. ಮಡಚಿದ ಭಾಗ ಸ್ವಲ್ಪ ಒಳಸರಿದು ಕಾಣುವಂತೆ ಶೈಲಿ ನಿಗದಿಪಡಿಸಿದರೆ ಕವಿಯ ಸಾಲು ಎಲ್ಲಿ ಮುಗಿಯಿತು, ಪರದೆಯ ಅಂಚು ಎಲ್ಲಿ ಬಂತು ಎಂಬುದು ಗೊಂದಲವಾಗುವುದಿಲ್ಲ. ವಚನಗಳನ್ನು ಕೆಲವು ಆವೃತ್ತಿಗಳು ಗದ್ಯದಂತೆ, ಕೆಲವು ಸಾಲುಸಾಲಾಗಿ ಅಚ್ಚು ಮಾಡಿವೆ. ಯಾವ ಆವೃತ್ತಿಯನ್ನು ಹೆಸರಿಸುತ್ತೀರೋ ಅದರಂತೆಯೇ ಇಡಿ.

8. ಸಂಧಿ ಬಿಡಿಸುವುದಾದರೆ ಕೆಳಗಿನ ಸಾಲಿನಲ್ಲಿ

ಹುಡುಕುತ್ತಿರುವ ಪದ ಉಲ್ಲೇಖದಲ್ಲಿ ದಪ್ಪಕ್ಷರದಲ್ಲಿ ಎದ್ದು ಕಾಣಬೇಕೆಂಬುದು ಎಲ್ಲರ ಆಸೆ. ಕನ್ನಡದಲ್ಲಿ ಇದು ಅಷ್ಟು ಸರಳವಲ್ಲ. ‘ಊರೊಳಗೆ’ ಎಂಬಲ್ಲಿ ‘ರೊ’ ಅಕ್ಷರದ ವ್ಯಂಜನ ‘ಊರು’ ಪದಕ್ಕೆ, ಸ್ವರ ‘ಒಳಗೆ’ ಪದಕ್ಕೆ ಸೇರಿದೆ. ವ್ಯಂಜನಕ್ಕೂ ಸ್ವರಚಿಹ್ನೆಗೂ ನಡುವೆ ದಪ್ಪಕ್ಷರದ ಗುರುತು ಹಾಕಿದರೆ ಅಕ್ಷರವೇ ಒಡೆದು, ಸ್ವರಚಿಹ್ನೆ ಚುಕ್ಕೆಗಳ ವೃತ್ತದ ಪಕ್ಕದಲ್ಲಿ ಒಂಟಿಯಾಗಿ ನಿಲ್ಲಬಹುದು. ಆದ್ದರಿಂದ ದಪ್ಪ ಮಾಡುವಾಗ ಇಡೀ ಅಕ್ಷರವನ್ನೇ ಒಳಗೊಳ್ಳಬೇಕು; ಸಂಧಿ ತೊಡಕಾಗಿದ್ದರೆ ಕೂಡಿದ ಇಡೀ ರೂಪವನ್ನು ದಪ್ಪ ಮಾಡಿ, ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ ಪದಚ್ಛೇದ ಕೊಡಬೇಕು.

ಉಲ್ಲೇಖದ ಒಳಗೇ ಸಂಧಿ ಬಿಡಿಸಬಾರದು. ಪದ ಬಿಡಿಸುವುದು ಅರ್ಥ ಮಾಡಿದಂತೆ. ಒಂದೇ ಸಾಲನ್ನು ಇಬ್ಬರು ವಿದ್ವಾಂಸರು ಎರಡು ರೀತಿ ಬಿಡಿಸಿ ಎರಡು ಅರ್ಥ ಹೇಳಿದ ಉದಾಹರಣೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಮೂಲ ಮೇಲೆ, ಪದಚ್ಛೇದ ಕೆಳಗೆ ಇದ್ದರೆ ಓದುಗ ತಾನೇ ಒಪ್ಪಬಹುದು ಅಥವಾ ಪ್ರಶ್ನಿಸಬಹುದು.

9. ಮೂರು ಕೈಗಳ ಗುರುತು ಬೇರೆ ಬೇರೆ ಇರಲಿ

ನಮ್ಮ ಕೈಗೆ ಬರುವ ಹಳೆಯ ಸಾಲಿನಲ್ಲಿ ಕವಿಯ ಜೊತೆ ಸಂಪಾದಕರೂ ಇದ್ದಾರೆ. ಓಲೆಗರಿಯ ಪ್ರತಿಗಳಲ್ಲಿ ಪದಗಳು ಜಾಗವಿಲ್ಲದೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಎ ಮತ್ತು ಏ, ಒ ಮತ್ತು ಓ ನಡುವಿನ ಭೇದವನ್ನು ಲಿಪಿಕಾರರು ತೋರಿಸದಿರುವುದೇ ಸಾಮಾನ್ಯ. ಅಲ್ಪವಿರಾಮ, ಪ್ರಶ್ನಾರ್ಥಕ, ಮಾತಿನ ಸುತ್ತಲ ಉದ್ಧರಣ ಚಿಹ್ನೆ ಇವೆಲ್ಲ ಸಂಪಾದಕರು ಇಟ್ಟವು. ಅದಕ್ಕೇ ಸಂಪಾದಕರ ಹೆಸರನ್ನು ಹೇಳದ ಉಲ್ಲೇಖ ಅಪೂರ್ಣ. ಡಿ. ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿದವರಿಗೆ ಒಂದು ಪಾಠವನ್ನು ನಿರ್ಣಯಿಸುವುದರ ಹಿಂದೆ ಎಷ್ಟು ವಿಚಾರವಿರುತ್ತದೆಂದು ಗೊತ್ತು.

ಪುಸ್ತಕದಲ್ಲಿ ಸಂಪಾದಕರು ಚೌಕ ಕಂಸದಲ್ಲಿ ಊಹಿಸಿ ತುಂಬಿದ ಅಕ್ಷರಗಳಿದ್ದರೆ ಅವು ಹಾಗೇ ಬರಲಿ. ನಾವು ಸೇರಿಸುವ ವಿವರಣೆಗೆ ಬೇರೆ ಗುರುತು ಇರಲಿ, ಅದರ ಅರ್ಥ ನಿಘಂಟಿನ ಸೂಚನೆಗಳಲ್ಲಿ ಒಂದು ಕಡೆ ಸ್ಪಷ್ಟವಾಗಿರಲಿ. ನಾವು ಬಿಟ್ಟ ಭಾಗಕ್ಕೆ ಮೂರು ಚುಕ್ಕೆ ಹಾಕುತ್ತೇವೆ. ಆದರೆ ಶಾಸನ ಸಂಪುಟಗಳಲ್ಲಿ ಕಲ್ಲು ಒಡೆದು ಅಳಿದ ಅಕ್ಷರಗಳಿಗೂ ಚುಕ್ಕೆಗಳೇ ಇರುತ್ತವೆ. ಹಾಗಾಗಿ ನಮ್ಮ ಚುಕ್ಕೆಗಳನ್ನು ಕಂಸದೊಳಗೆ ಇಡುವುದು ಕ್ಷೇಮ. ಅಡಿಟಿಪ್ಪಣಿಯ ಪಾಠಾಂತರದಿಂದ ನಮ್ಮ ಪದವೇ ಬದಲಾಗುವುದಾದರೆ ಅದನ್ನು ಉಲ್ಲೇಖದ ಕೆಳಗೇ ತಿಳಿಸಬೇಕು. ಆ ಪದ ಇದೆಯೋ ಇಲ್ಲವೋ ಎಂಬುದೇ ಅಲ್ಲಿ ತೀರ್ಮಾನವಾಗಬೇಕಾದ ವಿಷಯ.

10. ಉಲ್ಲೇಖದೊಳಗಿನ ಉಲ್ಲೇಖ

ಕೇಶಿರಾಜ ಶಬ್ದಮಣಿದರ್ಪಣದ ಸೂತ್ರಗಳಿಗೆ ಹಿಂದಿನ ಕವಿಗಳ ಪ್ರಯೋಗಗಳನ್ನು ಕೊಡುತ್ತಾನೆ. ಹಲವು ಕಡೆ ಅವು ಯಾರವೆಂದು ಹೇಳುವುದಿಲ್ಲ. ಅವನ ತಂದೆ ಮಲ್ಲಿಕಾರ್ಜುನ ಸಂಕಲಿಸಿದ ಸೂಕ್ತಿಸುಧಾರ್ಣವದಲ್ಲಿ ಮೂಲಕೃತಿಯೇ ನಷ್ಟವಾಗಿರುವ ಪದ್ಯಗಳೂ ಇವೆ. ಇಂಥ ಸಾಲನ್ನು ಕೇಶಿರಾಜನದೆಂದು ಬರೆಯುವುದು ತಪ್ಪು, ಹಾಗೆಂದು ಊಹಿಸಿ ಯಾವುದೋ ಕವಿಗೆ ಒಪ್ಪಿಸುವುದೂ ತಪ್ಪು. ‘ಶಬ್ದಮಣಿದರ್ಪಣದಲ್ಲಿ ಉದ್ಧೃತ, ಸು. 1260ಕ್ಕೆ ಹಿಂದಿನದು’ ಎಂದರೆ ನಮಗೆ ತಿಳಿದಷ್ಟನ್ನು ಹೇಳಿದಂತಾಯಿತು.

ಕಿಟ್ಟೆಲ್ ಕೋಶದಲ್ಲೋ ಪರಿಷತ್ತಿನ ನಿಘಂಟಿನಲ್ಲೋ ಕಂಡ ಪ್ರಯೋಗಕ್ಕೂ ಇದೇ ನಿಯಮ. ಮೂಲಪುಸ್ತಕ ತೆರೆದು ನೋಡಿದ್ದರೆ ಮೂಲವನ್ನು ಹೆಸರಿಸಿ. ನೋಡಿಲ್ಲದಿದ್ದರೆ ಯಾವ ಕೋಶದಿಂದ ತಂದದ್ದೆಂದು ಹೇಳಿ. ಹುಡುಕಿ ತಂದವರ ಶ್ರಮಕ್ಕೆ ಸಲ್ಲಬೇಕಾದ ಗೌರವ ಅದು.

11. ಸಂಕ್ಷೇಪ ಬಿಡಿಸಿ, ವಿವರ ಬಿಡಿಬಿಡಿಯಾಗಿಡಿ

ಕಾಗದದ ನಿಘಂಟುಗಳಿಗೆ ಕೃತಿಗಳ ಹೆಸರನ್ನು ಎರಡು ಮೂರು ಅಕ್ಷರಕ್ಕೆ ಇಳಿಸುವುದು ಅನಿವಾರ್ಯವಾಗಿತ್ತು. ನಮಗೆ ಆ ನಿರ್ಬಂಧವಿಲ್ಲ. ಹೆಸರನ್ನು ಪೂರ್ಣವಾಗಿ ಬರೆದರೆ ಮೊದಲ ಸಲ ಬಂದ ವಿದ್ಯಾರ್ಥಿಗೂ ತಿಳಿಯುತ್ತದೆ. ಕಾಲ, ಕವಿ, ಕೃತಿ, ಸ್ಥಾನ, ಸಂಪಾದಕ, ಪ್ರಕಾಶಕ, ಮುದ್ರಣದ ವರ್ಷ, ಪುಟ, ಪಠ್ಯ, ಪದಚ್ಛೇದ, ಹೊಸಗನ್ನಡ ಅರ್ಥ ಇವು ಟೆಂಪ್ಲೇಟಿನಲ್ಲಿ ಬೇರೆ ಬೇರೆ ಕೋಶಗಳಲ್ಲಿ ಇರಬೇಕು. ನಾಳೆ ಯಾವ ವಿವರ ಮೊದಲು ಬರಬೇಕು, ಯಾವುದು ಓರೆಯಕ್ಷರದಲ್ಲಿರಬೇಕು ಎಂಬ ತೀರ್ಮಾನ ಬದಲಾದರೂ ಒಂದೇ ಕಡೆ ತಿದ್ದಿದರೆ ಸಾಕು. ಎಲ್ಲವನ್ನೂ ಒಂದೇ ವಾಕ್ಯದಲ್ಲಿ ಬೆರೆಸಿ ಬರೆದಿದ್ದರೆ ಮುಂದೆ ಬರುವವರು ಒಂದೊಂದನ್ನೂ ಕೈಯಿಂದ ಬಿಡಿಸಬೇಕಾಗುತ್ತದೆ.

12. ಹಳೆಯ ಕಾವ್ಯ ಎಲ್ಲರದು, ಹೊಸ ಟೀಕೆ ಬರೆದವರದು

ಭಾರತದ ಕಾನೂನಿನಂತೆ ಲೇಖಕರು ತೀರಿಕೊಂಡ ವರ್ಷದ ನಂತರ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಪಂಪನ ಪದ್ಯಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಆಧುನಿಕ ಸಂಪಾದಕರು ಬರೆದ ಗದ್ಯಾನುವಾದ, ಟಿಪ್ಪಣಿಗಳು ಅವರ ಸ್ವಂತ ಕೃತಿ. 1971ರಲ್ಲಿ ತೀರಿಕೊಂಡ ಡಿ. ಎಲ್. ನರಸಿಂಹಾಚಾರ್ ಅವರ ‘ಪಂಪಭಾರತ ದೀಪಿಕೆ’ಗೆ ಈ ಲೆಕ್ಕದಲ್ಲಿ 2031ರ ಕೊನೆಯವರೆಗೂ ರಕ್ಷಣೆಯಿದೆ. ಅದನ್ನು ಓದಿ ಕಲಿಯೋಣ, ಅರ್ಥದ ಋಣವನ್ನು ಹೆಸರಿಟ್ಟು ಹೇಳೋಣ. ಉಲ್ಲೇಖದ ಕೆಳಗಿನ ಹೊಸಗನ್ನಡ ರೂಪವನ್ನು ಮಾತ್ರ ನಾವೇ ಬರೆಯೋಣ. ಹಾಗೆ ಬರೆಯುವಾಗಲೇ ಪದ್ಯ ನಮಗೆ ಎಷ್ಟು ಅರ್ಥವಾಗಿದೆ ಎಂಬುದೂ ಗೊತ್ತಾಗುತ್ತದೆ.

13. ಇನ್ನೊಬ್ಬರ ಕೈಯಲ್ಲಿ ಪರೀಕ್ಷೆ

ಉಲ್ಲೇಖ ಸಿದ್ಧವಾದ ಮೇಲೆ ನಾನು ಮಾಡುವ ಪರೀಕ್ಷೆ ಒಂದೇ. ಈ ವಿಷಯದಲ್ಲಿ ಆಸಕ್ತಿಯಿರುವ ಇನ್ನೊಬ್ಬರಿಗೆ ಅದನ್ನು ಕೊಟ್ಟು, ನನ್ನನ್ನು ಏನೂ ಕೇಳದೆ ಮೂಲದ ಸಾಲನ್ನು ಹುಡುಕಿ ತೆಗೆಯಲು ಹೇಳುತ್ತೇನೆ. ಧಾರವಾಡದ ಗ್ರಂಥಾಲಯದಲ್ಲಿ ಕೂತವರಾಗಲಿ, ದೂರದೇಶದಲ್ಲಿ ಸ್ಕ್ಯಾನ್ ಪ್ರತಿ ತೆರೆದವರಾಗಲಿ, ಅವರಿಗೆ ಆ ಸಾಲು ಸಿಕ್ಕಬೇಕು; ಅಕ್ಷರಕ್ಕೆ ಅಕ್ಷರ ಹೊಂದಬೇಕು; ಹಿಂದುಮುಂದಿನ ಪದ್ಯ ಓದಿ ನಾವು ಕೊಟ್ಟ ಅರ್ಥವನ್ನು ಅವರು ತೂಗಿ ನೋಡಲು ಸಾಧ್ಯವಾಗಬೇಕು. ಓದಿದ ಮೇಲೆ ನಮ್ಮ ಅರ್ಥವನ್ನು ಅವರು ಒಪ್ಪದೆ, ಆಧಾರ ಸಹಿತ ಇನ್ನೊಂದು ಅರ್ಥ ಹೇಳಿದರೆ ಅದೂ ಒಳ್ಳೆಯದೇ. ವಿಳಾಸ ಸರಿಯಾಗಿದ್ದುದರಿಂದಲೇ ಆ ಚರ್ಚೆ ಸಾಧ್ಯವಾಯಿತು. ಸಾವಿರ ವರ್ಷದ ಬರಹವಿರುವ ನುಡಿಗೆ ಇಂಥ ಚರ್ಚೆಗೆ ತೆರೆದ ನಿಘಂಟು ಬೇಕು. ಅದನ್ನು ಕಟ್ಟುವ ಕೆಲಸ ಒಂದೊಂದು ಉಲ್ಲೇಖವನ್ನೂ ಸರಿಯಾಗಿ ಇಡುವುದರಿಂದಲೇ ಶುರುವಾಗುತ್ತದೆ.